ಬಾವುಟಗುಡ್ಡೆಯ ಬಣ್ಣದ ಗೋಡೆ

24 ನವೆಂಬರ್ 2024, ಭಾನುವಾರ
ದುದ್ದ

ಶಾಲೆಯ ಪ್ರವಾಸಕ್ಕೆ ಮಂಗಳೂರು ಗಟ್ಟಿಯಾಯಿತು. ಮಕ್ಕಳಿಗೆ ಸಮುದ್ರ ಬೇಕು, ಪಿ.ಟಿ. ಮೇಷ್ಟ್ರಿಗೆ ಪಿಲಿಕುಳ. ನಾನು ಪಟ್ಟಿಯ ಕೊನೆಯಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅಂತ ಬರೆದೆ. ಹೆಡ್ಮೇಷ್ಟ್ರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಒಂದು ಕಾಲೇಜೊಳಗಿನ ಚರ್ಚ್ ನೋಡೋಕೆ ಘಾಟಿ ಇಳೀಬೇಕಾ ಮೇಡಂ?”

“ನಮ್ಮ ಮಕ್ಕಳು ಕಲ್ಲು ನೋಡಿ ಬೆಳೆದವರು ಸಾರ್. ಬಣ್ಣ ಬರೆದ ಗೋಡೆ ನೋಡಿಲ್ಲ.”

ಮಾತಿಗೆ ಹೇಳಿದ್ದಲ್ಲ. ಇಲ್ಲಿಂದ ಹತ್ತಿರವೇ ಕೋರವಂಗಲ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಪಟ್ಟವಾದ 1173ರಲ್ಲಿ ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರ ಗುಡಿ ಅಲ್ಲಿದೆ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಶಾಲೆಯಲ್ಲಿ ಸಿಹಿ ಹಂಚಿದ್ದೆವು. ಆದರೆ ಗೋಡೆಯ ಮೇಲೆ ಕಥೆ ಬರೆದಿರುವುದನ್ನು ನೋಡಬೇಕೆಂದರೆ ಜಿಲ್ಲೆಯಲ್ಲಿ ಥಟ್ಟನೆ ಹೊಳೆಯುವುದು ಶ್ರವಣಬೆಳಗೊಳದ ಜೈನಮಠವೊಂದೇ. ಅಲ್ಲಿ ತೀರ್ಥಂಕರರ ಕಥೆಯಿದೆ, ಹಣ್ಣಿನ ಮರಕ್ಕೆ ಕೈಹಾಕಿದ ಆರು ಜನರ ಷಡ್ಲೇಶ್ಯೆಯ ಚಿತ್ರವಿದೆ, ಮುಮ್ಮಡಿ ಕೃಷ್ಣರಾಜರ ದಸರಾ ದರ್ಬಾರೂ ಇದೆ. ಬಾಹುಬಲಿಯ ಬೆಟ್ಟ ಹತ್ತಿ ಇಳಿದವರು ಅತ್ತ ತಿರುಗಿಯೂ ನೋಡುವುದಿಲ್ಲ.

ಹೆಡ್ಮೇಷ್ಟ್ರು ಇತಿಹಾಸದವರು. ಚಾಪೆಲ್ ಇರುವುದು ಬಾವುಟಗುಡ್ಡೆಯಲ್ಲಿ, 1837ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದವರು ಬಾವುಟ ಹಾರಿಸಿದ ಗುಡ್ಡ, ಅವರ ನಾಯಕ ಕೆದಂಬಾಡಿ ರಾಮಯ್ಯಗೌಡರ ಕಂಚಿನ ಪ್ರತಿಮೆಯೂ ಅಲ್ಲೇ ಇದೆ ಅಂದೆ. ಸಹಿ ಬಿತ್ತು. ಗೌಡರ ಹೆಸರು ನನ್ನ ಕೆಲಸ ಮಾಡಿತು.

28 ನವೆಂಬರ್, ಗುರುವಾರ

ಮಕ್ಕಳಿಗೆ ಹಂಚಲು ಒಂದು ಪುಟದ ಟಿಪ್ಪಣಿ ಬರೆಯಲು ಕೂತೆ. ಒಂದು ಪುಟದಲ್ಲಿ ಮುಗಿಯುವ ಕಥೆಯಲ್ಲ.

ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳಿಗೆ ಕಾಲೇಜು ಬೇಕೆಂದು ರೋಮಿಗೆ ಬರೆದರು. ಪೋಪ್ ಹದಿಮೂರನೆಯ ಲಿಯೋ ಮಂಗಳೂರನ್ನು ಇಟಲಿಯ ವೆನಿಸ್ ಪ್ರಾಂತದ ಜೆಸುಯಿಟರಿಗೆ ವಹಿಸಿದರು. 1878ರ ಡಿಸೆಂಬರ್ 31ರಂದು ಅವರ ಮೊದಲ ತಂಡ ಬಂದಿಳಿಯಿತು. ಒಂದು ವರ್ಷ ಕಳೆದು 1880ರ ಜನವರಿಯಲ್ಲಿ ಪಾಠ ಶುರುವಾಯಿತು, ಅದೂ ಸ್ವಂತ ಕಟ್ಟಡವಿಲ್ಲದೆ. ಲಾರೆನ್ಸ್ ಲೋಬೊ ಪ್ರಭು ಎಂಬವರು ಗುಡ್ಡದ ಮೇಲೆ ನೆಲ ಕೊಟ್ಟರು. ಆಮೇಲೆ 1880ರ ದಶಕದ ನಡುವಿನ ಹೊತ್ತಿಗೆ ಕಾಲೇಜು, ಅದರ ಮಗ್ಗುಲಲ್ಲೇ ಪ್ರಾರ್ಥನಾ ಮಂದಿರ, ಎರಡೂ ಎದ್ದವು.

ಈ ಕಾಲೇಜು ಮೊದಲು ಮದರಾಸು ವಿಶ್ವವಿದ್ಯಾಲಯದ ಕೆಳಗಿತ್ತು, ಮಂಗಳೂರಿಗೆ 1980ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂದಾಗ ಅದರ ಕೆಳಗೆ ಬಂತು, 2007ರಲ್ಲಿ ಸ್ವಾಯತ್ತವಾಯಿತು, ಈ ವರ್ಷದ ಆರಂಭದಲ್ಲಿ ತಾನೇ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಹಾಗಾಗಿ ನಾವು ನೋಡಲು ಹೋಗುತ್ತಿರುವುದು ಈಗ ವಿಶ್ವವಿದ್ಯಾಲಯದ ದೇವಾಲಯ. ಮಂದಿರ ಕದಲಲಿಲ್ಲ, ಹೊರಗಿನ ಬೋರ್ಡು ಮಾತ್ರ ಬದಲಾಗುತ್ತ ಬಂತು.

ಕನ್ನಡ ಮೇಷ್ಟ್ರಿಗೆ ಟಿಪ್ಪಣಿ ತೋರಿಸಿದೆ. “‘ನಾಡೋಜ ಪಂಪ’ ಬರೆದ ಮುಳಿಯ ತಿಮ್ಮಪ್ಪಯ್ಯನವರು ಅಲ್ಲೇ ಅಲ್ವಾ ಪಂಡಿತರಾಗಿದ್ದಿದ್ದು? ಸೇಡಿಯಾಪು ಕೃಷ್ಣಭಟ್ಟರೂ ಅಲ್ಲೇ ಪಾಠ ಹೇಳಿದ್ದು” ಅಂದರು. ಅದನ್ನೂ ಸೇರಿಸಿದೆ. ಇಟಲಿಯ ಪಾದ್ರಿಗಳು ಕಟ್ಟಿದ ಕಟ್ಟಡದಲ್ಲಿ ಪಂಪನ ಪಾಠ ನಡೆದಿದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಲಿ.

1 ಡಿಸೆಂಬರ್, ಭಾನುವಾರ

ಹಿತ್ತಿಲ ಕೋಣೆಯ ಹಳೆಯ ಗೋಡೆ ಉದುರುತ್ತಿತ್ತು. ಗಾರೆ ಮೇಸ್ತ್ರಿ ಬಂದಿದ್ದರು. ವಯಸ್ಸಾಗಿದೆ, ಕೈ ಇನ್ನೂ ಗಟ್ಟಿ. ಸಿಮೆಂಟು ಬರುವ ಮೊದಲು ಎತ್ತು ಕಟ್ಟಿ ಸುಣ್ಣ-ಮರಳು ಅರೆಸುತ್ತಿದ್ದ ಅಪ್ಪನ ಕೈಕೆಳಗೆ ಕಲಿತವರು. ಹಸಿ ಗಾರೆಯ ಮೇಲೆ ಬಣ್ಣ ಹಾಕಿದರೆ ಏನಾಗುತ್ತದೆ ಅಂತ ಕೇಳಿದೆ.

“ಸುಣ್ಣ ಹಸಿಯಾಗಿದ್ರೆ ಬಣ್ಣ ಕುಡೀತದೆ ಟೀಚ್ರಮ್ಮ. ಒಣಗಿದ ಮೇಲೆ ಬಳಿದ್ರೆ ಹೊತ್ಕಂಡಿರ್ತದೆ, ಆಮೇಲೆ ಒಂದಿನ ಇಳಿಸಿಬಿಡ್ತದೆ.”

ಫ್ರೆಸ್ಕೊ ಎಂಬ ವಿದ್ಯೆಯ ಪಾಠ ಇಷ್ಟೇ. ನೀರು ಹಾಕಿ ಅರಳಿಸಿದ ಸುಣ್ಣ ಒಣಗುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಆ ಹೊತ್ತಿಗೆ ಮೇಲಿದ್ದ ಬಣ್ಣ ಆ ಕಲ್ಲಿನ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಅಂಟು ಬೇಡ, ಎಣ್ಣೆ ಬೇಡ. ಆದರೆ ಕಟ್ಟುಪಾಡು ಕಠಿಣ. ಸುಣ್ಣದ ಖಾರ ತಡೆಯುವ ಬಣ್ಣಗಳೇ ಆಗಬೇಕು. ಹೆಚ್ಚಿನವು ಮಣ್ಣಿನ ಬಣ್ಣ. ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ತಪ್ಪಿದರೆ ಅಳಿಸುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ನಮ್ಮ ದೇಶದ ಹಳೆಯ ಭಿತ್ತಿಚಿತ್ರಗಳಲ್ಲಿ ಹೆಚ್ಚಿನವು ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದವು. ಅದು ಬೇರೆ ದಾರಿ, ಅಲ್ಲಿ ಅವಸರವಿಲ್ಲ.

ಮಂಗಳೂರಿನ ಗೋಡೆಗಳನ್ನು ಬರೆದವರು ಬ್ರದರ್ ಆಂಟೊನಿಯೊ ಮೊಸ್ಕೇನಿ. ಇಟಲಿಯ ಬೆರ್ಗಮೊ ಹತ್ತಿರದ ಸ್ಟೆಜಾನೊ ಊರಿನಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು ಹೆಸರು ಮಾಡಿ, 1889ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಯೇಸುಸಭೆ, ಅಂದರೆ ಜೆಸುಯಿಟರ ಸಂಘ ಸೇರಿದರು. ಪಾದ್ರಿಯಾಗಲಿಲ್ಲ. ಬ್ರದರ್ ಆಗಿ, ಅಂದರೆ ಸಭೆಯೊಳಗೆ ಕೈಕೆಲಸದವರಾಗಿ ಉಳಿದರು. 1898ರಲ್ಲಿ ಮಂಗಳೂರಿಗೆ ಕಳಿಸಿದರು. ಮೊದಲು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ. 1899ರಲ್ಲಿ ಈ ಚಾಪೆಲ್. ಎರಡು ವರ್ಷದ ಆಸುಪಾಸಿನಲ್ಲಿ ಗೋಡೆ, ಕಮಾನು, ಮೇಲ್ಛಾವಣಿ ಎಲ್ಲವನ್ನೂ ತುಂಬಿಸಿದರು. ಗೋಡೆಗೆ ಹಸಿ ಗಾರೆಯ ಚಿತ್ರ, ಛಾವಣಿಗೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ.

ಮೇಸ್ತ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರವೆ ಯಾರು ಕಟ್ಟಿದ್ರು?” ಮೊಸ್ಕೇನಿಯ ಹೆಸರು ಉಳಿಯಿತು, ಮರದ ಸಾರವೆ ಕಟ್ಟಿದವರ, ಸುಣ್ಣ ಕಲಸಿದವರ ಹೆಸರು ಯಾವ ಪುಸ್ತಕದಲ್ಲಿ ಹುಡುಕಲಿ? ಆ ವಿಷಯದಲ್ಲಿ ನಮ್ಮ ಹೊಯ್ಸಳರ ಶಿಲ್ಪಿಗಳು ಜಾಣರು. ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡು ಹೋದರು.

5 ಡಿಸೆಂಬರ್, ಗುರುವಾರ

ರಾತ್ರಿ ಊಟವಾದ ಮೇಲೆ ಅಲೋಶಿಯಸ್ ಯಾರು ಅಂತ ಓದುತ್ತ ಕೂತೆ. ಅದು ನನ್ನನ್ನು ರೋಮಿನ ಇನ್ನೊಂದು ವಿಶ್ವವಿದ್ಯಾಲಯದ ದೇವಾಲಯಕ್ಕೆ ಕರೆದೊಯ್ದಿತು.

ಅಲೋಶಿಯಸ್ ಗೊಂಜಾಗ 1568ರಲ್ಲಿ ಹುಟ್ಟಿದ ಪಾಳೆಯಗಾರರ ಮಗ, ಹಿರಿಮಗ. ಆಳಬೇಕಾದ ಸೀಮೆಯನ್ನು ತಮ್ಮನಿಗೆ ಬಿಟ್ಟು ಹದಿನೇಳರಲ್ಲಿ ಯೇಸುಸಭೆ ಸೇರಿದ. ರೋಮಿನ ಕೊಲೆಜಿಯೊ ರೊಮಾನೊದಲ್ಲಿ ಓದುತ್ತಿದ್ದಾಗ ಊರಿಗೆ ಸಾಂಕ್ರಾಮಿಕ ಬಂತು. ರೋಗಿಗಳನ್ನು ಬೀದಿಯಿಂದ ಎತ್ತಿ ತಂದು ಆರೈಕೆ ಮಾಡಿ, ತಾನೂ ಅಂಟಿಸಿಕೊಂಡು 1591ರ ಜೂನ್ 21ರಂದು ತೀರಿಕೊಂಡ. ವಯಸ್ಸು ಇಪ್ಪತ್ತಮೂರು. 1726ರಲ್ಲಿ ಸಂತ ಪದವಿ ಬಂತು, ವಿದ್ಯಾರ್ಥಿಗಳ ಪಾಲಕನಾದ.

ಆ ಕೊಲೆಜಿಯೊ ರೊಮಾನೊವನ್ನು 1551ರಲ್ಲಿ ಇಗ್ನೇಷಿಯಸ್ ಲೊಯೋಲ ಶುರುಮಾಡಿದ್ದು. ಇಂದಿನ ಗ್ರೆಗೋರಿಯನ್ ವಿಶ್ವವಿದ್ಯಾಲಯ ಅದರ ಮುಂದುವರಿಕೆ. ಅದರ ದೇವಾಲಯ ಸಂತ ಇಗ್ನೇಷಿಯಸರದು, 1626ರಲ್ಲಿ ಕಟ್ಟಲು ಹಿಡಿದದ್ದು. ನಕ್ಷೆ ಕೊಟ್ಟವರು ಅಲ್ಲಿನ ಗಣಿತದ ಮೇಷ್ಟ್ರೇ ಆದ ಒರಾಜಿಯೊ ಗ್ರಾಸಿ. ಧೂಮಕೇತುಗಳ ವಿಷಯದಲ್ಲಿ ಗೆಲಿಲಿಯೊ ಜೊತೆ ಜಟಾಪಟಿಗೆ ಇಳಿದವರು. ನಡುಮಧ್ಯೆ ಗುಮ್ಮಟ ಏಳಬೇಕಿತ್ತು, ಏಳಲಿಲ್ಲ. 1685ರಲ್ಲಿ ಆಂಡ್ರಿಯಾ ಪೊಜ್ಜೊ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನು ಬರೆದು ಮೇಲಕ್ಕೇರಿಸಿದರು. ನೆಲದ ಮೇಲೆ ಗುರುತು ಮಾಡಿದ ಜಾಗದಲ್ಲಿ ನಿಂತರೆ ಗುಮ್ಮಟ. ಅತ್ತಿತ್ತ ಸರಿದರೆ ಮೋಸ ಬಯಲು. ಪೊಜ್ಜೊ ಕೂಡ ಪಾದ್ರಿಯಲ್ಲ, ಬ್ರದರ್. ಅಲೋಶಿಯಸನ ಸಮಾಧಿ ಇರುವುದು ಅದೇ ದೇವಾಲಯದಲ್ಲಿ.

ಇನ್ನೂರು ವರ್ಷದ ಮೇಲೆ ಅದೇ ಸಭೆಯ ಇನ್ನೊಬ್ಬ ಬ್ರದರ್, ಅದೇ ಸಂತನ ಕಥೆಯನ್ನು, ಅರಬ್ಬಿ ಸಮುದ್ರದ ದಂಡೆಯ ಕಾಲೇಜಿನ ಛಾವಣಿಯಲ್ಲಿ ಬರೆಯುತ್ತಾರೆ. ಅದು ಎಂಥ ಕಾಲ? ಮುಂಬಯಿಯಲ್ಲಿ 1896ರಿಂದ ಪ್ಲೇಗು, ಬೆಂಗಳೂರಿಗೆ 1898ರಲ್ಲಿ. ನಮ್ಮ ಸೀಮೆಯ ಎಷ್ಟೋ ಊರಿನವರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ದಿನಗಳು. ಪ್ಲೇಗಮ್ಮನ ಗುಡಿಗಳು ಹುಟ್ಟಿಕೊಂಡದ್ದೂ ಆಗಲೇ. ರೋಗಿಯನ್ನು ಎತ್ತಿಕೊಂಡ ಹುಡುಗನ ಚಿತ್ರ ಆಗಿನ ವಿದ್ಯಾರ್ಥಿಗಳಿಗೆ ಹಳೆಯ ಕಥೆಯಾಗಿ ಕಂಡಿರಲಾರದು.

14 ಡಿಸೆಂಬರ್, ಶನಿವಾರ
ಮಂಗಳೂರು

ನಸುಕಿಗೆ ಹೊರಟೆವು. ಶಿರಾಡಿಯಲ್ಲಿ ಇಬ್ಬರಿಗೆ ವಾಂತಿ. ಉಪ್ಪಿನಂಗಡಿ ದಾಟುವಾಗಲೇ ಸ್ವೆಟರುಗಳೆಲ್ಲ ಬ್ಯಾಗು ಸೇರಿದವು.

ಚಾಪೆಲ್ಲಿನ ಹೊರಗೆ ನಿಂತಾಗ ಮಕ್ಕಳ ಮುಖ ಸಪ್ಪೆ. ಹೊರಗೋಡೆ ಬಿಳಿ, ಮೇಲೆ ಹೆಂಚಿನ ಮಾಡು, ಬೇಲೂರಿನ ಹಾಗೆ ಸುತ್ತು ಹಾಕಿ ನೋಡಬೇಕಾದ್ದು ಏನೂ ಇಲ್ಲ. ಕರಾವಳಿಯ ಮಳೆಗೆ ಇಳಿಜಾರು ಮಾಡೇ ಸರಿ. ಕಟ್ಟಡದ ಸಂಪತ್ತೆಲ್ಲ ಒಳಗೆ.

ಒಳಗೆ ಕಾಲಿಟ್ಟೊಡನೆ ಗಲಾಟೆ ತಾನಾಗಿ ನಿಂತಿತು. ಉದ್ದನೆಯ ಹಜಾರ, ಎರಡೂ ಪಕ್ಕ ಕಮಾನುಗಳ ಸಾಲು, ತುದಿಯಲ್ಲಿ ಪೀಠ. ಕಣ್ಣಿಗೆ ಖಾಲಿ ಜಾಗವೇ ಸಿಗದು. ಕಮಾನುಗಳ ಮೇಲೆ ಅಪೊಸ್ತಲರು, ಅವರವರ ಕೈಯಲ್ಲಿ ಅವರವರ ಸಾವಿನ ಆಯುಧ. ಛಾವಣಿಯಲ್ಲಿ ಅಲೋಶಿಯಸನ ಬದುಕು. ಹಿಂಬದಿಯ ಗೋಡೆಯಲ್ಲಿ ಮಕ್ಕಳ ಜೊತೆಗಿರುವ ಯೇಸು. ನಡುನಡುವೆ ಹೂಮಾಲೆ, ಎಲೆ, ಕಂಬದ ಬೋದಿಗೆ.

“ಮಿಸ್, ಮೇಲೆ ಆ ಕೆತ್ತನೆ ಕಲ್ಲಿಂದಾ, ಮರದ್ದಾ?” ಅಂತ ಎಂಟನೆಯ ತರಗತಿಯವಳೊಬ್ಬಳು ಕೇಳಿದಳು. ಎರಡೂ ಅಲ್ಲ, ಬರೆದದ್ದು, ಗೋಡೆ ಚಪ್ಪಟೆ ಅಂದೆ. ನಂಬಲಿಲ್ಲ. ಹೊಯ್ಸಳ ಗುಡಿಯ ನೆರಳು-ಬೆಳಕು ನೋಡಿ ಪಳಗಿದ ಕಣ್ಣುಗಳಿಗೂ ಮೋಸವಾಗಿತ್ತು. ನೆರಳು ಯಾವ ಕಡೆ ಬಿದ್ದಿದೆ ನೋಡಿ ಅಂದೆ. ಪಕ್ಕಕ್ಕೆ ಹೋಗಿ ನೋಡಿದರು, ತಲೆ ಓರೆ ಮಾಡಿ ನೋಡಿದರು. ಕಿಟಕಿಯ ಬೆಳಕು ಒಂದು ಕಡೆಯಿಂದ ಬರುತ್ತಿದ್ದರೆ ಒಂದೆಡೆ ಬರೆದ ನೆರಳು ಅದಕ್ಕೆ ಹೊಂದುತ್ತಿರಲಿಲ್ಲ. ಒಬ್ಬ ಹುಡುಗ ಅದನ್ನು ಹಿಡಿದ. ಆ ಕ್ಷಣಕ್ಕೆ ನನ್ನ ವರ್ಷದ ಪಾಠ ಮುಗಿಯಿತು ಅನ್ನಿಸಿತು.

ಒಳಗೆ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು. ಡ್ರಾಯಿಂಗ್ ಪುಸ್ತಕ ತೆಗೆದು ಕೂತರು. ಪಿ.ಟಿ. ಮೇಷ್ಟ್ರು ಎರಡು ಸಲ ಗಡಿಯಾರ ತೋರಿಸಿದರು, ನಾನು ನೋಡದವಳ ಹಾಗೆ ಇದ್ದೆ.

ಮಕ್ಕಳು ಬರೆಯುತ್ತಿದ್ದಾಗ ಬೆನ್ನಿಗೆ ಬ್ಯಾಗು ಹಾಕಿದ್ದ ಹುಡುಗಿಯೊಬ್ಬಳು ಒಳಬಂದಳು. ಅಲ್ಲಿನ ವಿದ್ಯಾರ್ಥಿನಿ ಇರಬೇಕು. ಛಾವಣಿ ನೋಡಲಿಲ್ಲ, ಗೋಡೆ ನೋಡಲಿಲ್ಲ. ಬೆಂಚಿನಲ್ಲಿ ಮೊಣಕಾಲೂರಿ, ಒಂದು ನಿಮಿಷ ಕಣ್ಣು ಮುಚ್ಚಿ, ಎದ್ದು ಹೋದಳು. ಪರೀಕ್ಷೆ ಇತ್ತೋ ಏನೋ. ನಾವು ನೋಡಲು ಬಂದವರು, ಆಕೆ ಮನೆಯವಳು. ಕ್ರಿಸ್‌ಮಸ್ಸಿಗೆ ಗೋದಲಿಯ ಸಿದ್ಧತೆ ಶುರುವಾಗುವ ದಿನಗಳು. ಈ ಗೋಡೆಗಳ ನಡುವೆ ಇನ್ನೂ ಹಬ್ಬ, ಹಾಡು, ಅಳು, ಹರಕೆ ಎಲ್ಲ ನಡೆಯುತ್ತದೆ.

ಆಮೇಲೆ ಅಲೋಶಿಯಂ ವಸ್ತುಸಂಗ್ರಹಾಲಯಕ್ಕೆ ಹೋದೆವು, 1913ರಲ್ಲಿ ಶುರುವಾದದ್ದು. ಅಲ್ಲಿನ 1906ರ ಫ್ರೆಂಚ್ ಕಾರಿನ ಮುಂದೆ ಹುಡುಗರು ಚಾಪೆಲ್ಲನ್ನು ಮರೆತೇಬಿಟ್ಟರು. ಸಂಜೆ ಸಮುದ್ರದ ಮುಂದೆ ಕಾರನ್ನೂ ಮರೆತರು.

18 ಡಿಸೆಂಬರ್, ಬುಧವಾರ
ದುದ್ದ

ಚಿತ್ರಗಳನ್ನು ಗೋಡೆಗೆ ಅಂಟಿಸಿದೆವು. ಹೆಚ್ಚಿನವರು ಬರೆದದ್ದು ಹೂಮಾಲೆ. ಇಬ್ಬರು ಅಪೊಸ್ತಲರನ್ನು ಬರೆದಿದ್ದರು. ಒಬ್ಬರ ಗಡ್ಡ ನಮ್ಮ ಹೆಡ್ಮೇಷ್ಟ್ರದೇ.

ಏಳನೆಯ ತರಗತಿಯವನೊಬ್ಬ ಕೇಳಿದ ಪ್ರಶ್ನೆ ತಲೆಯಲ್ಲಿ ಉಳಿದಿದೆ. “ಅಲ್ಲಿ ಅಷ್ಟು ಮಳೆ ಬರ್ತದಲ್ಲ ಮಿಸ್, ಬಣ್ಣ ಯಾಕೆ ಹೋಗಿಲ್ಲ?”

ಹೋಗುತ್ತಿತ್ತು. ಸುಣ್ಣದೊಳಗೆ ಸೇರಿದ ಬಣ್ಣ ಒರೆಸಿದರೆ ಹೋಗದು, ಆದರೆ ಗೋಡೆಗೇ ನೀರು ಇಳಿದರೆ ಏನೂ ಉಳಿಯದು. ಮಾಡಿನಲ್ಲಿ ಒಂದು ಹೆಂಚು ಸರಿದರೆ ಸಾಕು. ಸೋರಿದ ನೀರು ಗೋಡೆಯೊಳಗಿನ ಉಪ್ಪನ್ನು ಕರಗಿಸಿ ಮೇಲಕ್ಕೆ ತರುತ್ತದೆ, ಅದು ಒಣಗುವಾಗ ಹರಳುಗಟ್ಟಿ ಚಿತ್ರವನ್ನು ಒಳಗಿನಿಂದ ಸೀಳುತ್ತದೆ. ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಕ್ಯಾನ್ವಾಸು ಸಡಿಲಾಗಿ ಜೋಲುತ್ತದೆ. 1990ರ ದಶಕದ ಆರಂಭದಲ್ಲಿ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಈ ಚಿತ್ರಗಳನ್ನು ಶುಚಿಮಾಡಿ, ಬಿಟ್ಟುಕೊಂಡ ಕಡೆ ಗಟ್ಟಿಮಾಡಿ ಉಳಿಸಿದರು. ಅದಕ್ಕೂ ಮೊದಲು, ಅದಾದ ಮೇಲೂ, ಹೆಂಚು ನೋಡುವ ಯಾರೋ ಅಲ್ಲಿ ಇದ್ದೇ ಇದ್ದಾರೆ.

ಮೊಸ್ಕೇನಿ ಈ ಚಾಪೆಲ್ ಮುಗಿಸಿ ಸುಮ್ಮನೆ ಕೂರಲಿಲ್ಲ. ಮುಂಬಯಿಯ ಹೋಲಿ ನೇಮ್ ಕೆಥೆಡ್ರಲ್, ಆಮೇಲೆ ಕಲ್ಲಿಕೋಟೆ, ಕೊಚ್ಚಿ. ಕೊಚ್ಚಿಯ ಸಾಂತಾ ಕ್ರೂಸ್ ದೇವಾಲಯದ ಕೆಲಸದಲ್ಲಿದ್ದಾಗಲೇ ಕಾಯಿಲೆ ಬಿದ್ದು 1905ರ ನವೆಂಬರ್ 15ರಂದು ತೀರಿಕೊಂಡರು. ನಾಲ್ಕು ದಿನಕ್ಕೆ ಆ ದೇವಾಲಯದ ಪ್ರತಿಷ್ಠೆಯಾಯಿತು. ನಮ್ಮ ದೇಶದಲ್ಲಿ ಅವರು ಬದುಕಿದ್ದು ಏಳೇ ವರ್ಷ. ಬರೆದವರು ಹೋಗಿ ನೂರು ವರ್ಷ ದಾಟಿದೆ. ಚಿತ್ರ ಉಳಿದದ್ದು ಅವರಿಂದಲ್ಲ, ಆಮೇಲೆ ಇದ್ದವರಿಂದ. ಆ ಹುಡುಗನಿಗೆ ಕೊಟ್ಟ ಉತ್ತರವೂ ಇದೇ.

22 ಡಿಸೆಂಬರ್, ಭಾನುವಾರ
ಶೆಟ್ಟಿಹಳ್ಳಿ

ಅತ್ತೆಗೆ ಮಂಗಳೂರಿನ ಕಥೆ ಹೇಳಿದ್ದೇ ನೆಪ. “ನಮ್ಮ ಶೆಟ್ಟಿಹಳ್ಳಿ ಇಗರ್ಜಿ ನೋಡದೆ ಅಲ್ಲಿಗಂಟ ಹೋಗಿದ್ದೀಯಲ್ಲವ್ವ” ಅಂದರು. ಅವರ ತವರು ಹೇಮಾವತಿಯ ಆ ದಂಡೆ. ಇವತ್ತು ಯಜಮಾನರು ಇಬ್ಬರನ್ನೂ ಕಾರಿನಲ್ಲಿ ಕರೆತಂದರು.

ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚು. ಗೊರೂರು ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಹಳ್ಳಿಗಳ ಜೊತೆ ಇದನ್ನೂ ತೆಗೆದುಕೊಂಡಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಏಳುತ್ತದೆ. ಇವತ್ತು ನೀರು ಗೋಡೆಯ ಬುಡ ಬಿಟ್ಟಿರಲಿಲ್ಲ. ಮೇಲೆ ಮಾಡು ಇಲ್ಲ. ಚೂಪುಕಮಾನುಗಳ ಮೂಲಕ ಆಕಾಶ ಕಾಣುತ್ತದೆ. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆಯಂತೆ, ಅದಕ್ಕೇ ಇಷ್ಟು ವರ್ಷ ನಿಂತಿದೆಯಂತೆ. ದಂಡೆಯ ಮೇಲೆ ಸಿಕ್ಕವರೆಲ್ಲ ಇದನ್ನೇ ಹೇಳಿದರು. ಏನೇ ಬೆರೆಸಿರಲಿ, ಮಾಡು ಹೋದ ಗೋಡೆ ವರ್ಷ ವರ್ಷ ನೀರಿನಲ್ಲಿ ನೆನೆದು ಬಿಸಿಲಲ್ಲಿ ಒಣಗಿದರೆ ಎಷ್ಟು ದಿನ ತಡೆದೀತು? ಕಲ್ಲು, ಇಟ್ಟಿಗೆ ಬಿದ್ದು ರಾಶಿಯಾಗಿವೆ.

ಫೋಟೊಗ್ರಾಫರನ ಮುಂದೆ ಮದುವೆಗೆ ನಿಂತ ಜೋಡಿಯೊಂದು ಬಗೆಬಗೆಯ ಭಂಗಿ ಕೊಡುತ್ತಿತ್ತು. ಅತ್ತೆ ಅದರ ಕಡೆ ನೋಡಲಿಲ್ಲ. “ಅಲ್ಲಿ ಗಂಟೆ ಇತ್ತು. ಹೊಲದಲ್ಲಿ ನಮಗೆ ಹೊತ್ತು ಗೊತ್ತಾಗ್ತಿದ್ದುದೇ ಅದರಿಂದ. ನಾವೇನು ಒಳಕ್ಕೆ ಹೋಗ್ತಿರಲಿಲ್ಲ, ಹಬ್ಬದಲ್ಲಿ ಕೊಟ್ಟಿದ್ದು ತಿಂತಿದ್ವಿ” ಅಂದರು.

ಅಣೆಕಟ್ಟನ್ನು ದೂರಲಾರೆ. ಆ ನೀರಿನಿಂದ ಎಷ್ಟೋ ತಾಲ್ಲೂಕಿನ ಗದ್ದೆ ಹಸಿರಾಗಿದೆ, ನಾವು ಉಣ್ಣುವ ಅನ್ನ ಅಲ್ಲಿಯದೂ ಇದ್ದೀತು. ಆದರೆ ಒಂದಂತೂ ಕಣ್ಣಿಗೆ ಕಟ್ಟಿತು. ಮಂಗಳೂರಿನದೂ ಸುಣ್ಣದ ಗಾರೆ, ಇಲ್ಲಿಯದೂ ಸುಣ್ಣದ ಗಾರೆ. ಎರಡರ ನಡುವೆ ವಯಸ್ಸಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷದ ಅಂತರ. ಇಲ್ಲಿ ಜನ ಎದ್ದು ಹೋಗಬೇಕಾಯಿತು, ಅಲ್ಲಿ ವರ್ಷ ವರ್ಷ ಹೊಸ ವಿದ್ಯಾರ್ಥಿಗಳು ಬಂದು ಸೇರಿದರು.

29 ಡಿಸೆಂಬರ್, ಭಾನುವಾರ
ದುದ್ದ

ಬೆಳಿಗ್ಗೆ ಹೆಡ್ಮೇಷ್ಟ್ರ ಮನೆಗೆ ಹೋಗಿ ಬಂದೆ. ಜನವರಿಯಿಂದ ತಿಂಗಳಿಗೊಂದು ಚಿತ್ರಕಲಾ ತರಗತಿಯನ್ನು ಕೋರವಂಗಲದ ಗುಡಿಯಲ್ಲಿ ನಡೆಸುತ್ತೇನೆ, ಗುಡಿಯ ಮೇಲೆ ಮಕ್ಕಳ ಕಣ್ಣೂ ಇದ್ದಂತಾಗುತ್ತದೆ ಅಂತ ಕೇಳಿದೆ. ಗುಡಿ ಕಾಯಲು ಪುರಾತತ್ವ ಇಲಾಖೆಯವರು ಇದ್ದಾರಲ್ಲ ಅಂದರು. ಇಲಾಖೆ ಬೇಲಿ ಹಾಕುತ್ತದೆ, ಹುಲ್ಲು ಕೀಳಿಸುತ್ತದೆ. ಅದು ಅವರ ಕೆಲಸ, ಮಾಡಲಿ. ಆದರೆ ಒಂದು ಕಟ್ಟಡದ ಮೈ ಗೊತ್ತಿರುವುದು ಅಲ್ಲಿ ಪದೇ ಪದೇ ಕೂತು ನೋಡಿದವರಿಗೆ. ಎಲ್ಲಿ ಸೋರುತ್ತಿದೆ, ಯಾವ ಕಲ್ಲು ಕಳೆದ ತಿಂಗಳಿಗಿಂತ ಈ ತಿಂಗಳು ಜರುಗಿದೆ ಎಂದು ಮೊದಲು ಕಾಣುವುದು ಅಂಥವರಿಗೇ. ಬಾವುಟಗುಡ್ಡೆಯ ಚಾಪೆಲ್ಲಿಗೆ ಅಂಥ ಕಣ್ಣುಗಳ ಬರವಿಲ್ಲ. ವಿಶ್ವವಿದ್ಯಾಲಯದ ನಡುವೆ ಇರುವುದರ ಭಾಗ್ಯ ಅದು. ನಮ್ಮ ಗುಡಿಗೆ ನಮ್ಮ ಶಾಲೆಯ ಮಕ್ಕಳೇ ಆಗಬೇಕು.

ಅವರು ಒಪ್ಪಿದರು. ಮೊದಲ ತರಗತಿ ಜನವರಿ 11, ಶನಿವಾರ. ಪೆನ್ಸಿಲ್, ರಬ್ಬರ್, ಡ್ರಾಯಿಂಗ್ ಪುಸ್ತಕ ತರಬೇಕು, ಮೊಬೈಲ್ ಬೇಡ.